ನಿಮಗೆ ಕತ್ತಲು ಬೇಕು, ಅವನಿಗೆ ಬೆಳಕು ಬೇಕು

ಕುಮಟಾ ಕಡೆಯ ಓದುಗರೊಬ್ಬರ ಪ್ರಶ್ನೆ: "ನಾನು ನಿರ್ದೇಶನ ಮಾಡುತ್ತೇನೆ, ಗೆಳೆಯ ಕ್ಯಾಮೆರಾ ಹಿಡಿಯುತ್ತಾನೆ. ಎರಡು ಕಿರುಚಿತ್ರ ಮುಗಿಸಿದ್ದೇವೆ. ಮೂರನೆಯದು ಮಳೆಗಾಲದಲ್ಲಿ ಹಳೇ ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿಯ ಕಥೆ. ಶಿರಸಿ ತಾಲೂಕಿನಲ್ಲಿ ಒಂದು ಮನೆ ಸಿಕ್ಕಿದೆ, ಒಳಗೆಲ್ಲ ಕತ್ತಲು. ನನಗೆ ಆ ಕತ್ತಲೇ ಬೇಕು. ಲೈಟ್ ಹಾಕದಿದ್ದರೆ ಚಿತ್ರದ ತುಂಬ ಬರೀ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಬರುತ್ತದೆ ಅಂತ ಅವನು. ಈಗ ಇಬ್ಬರಿಗೂ ಮಾತು ಕಮ್ಮಿಯಾಗಿದೆ. ದೊಡ್ಡ ನಿರ್ದೇಶಕರು, ಅವರ ಛಾಯಾಗ್ರಾಹಕರು ವರ್ಷಗಟ್ಟಲೆ ಒಟ್ಟಿಗೆ ಹೇಗೆ ಕೆಲಸ ಮಾಡಿದರು ಸರ್? ಟೈಟಲ್‌ನಲ್ಲಿ ಹೆಸರು ಹಾಕುವುದರಲ್ಲೂ ತಕರಾರಿದೆ."

ಜಗಳ ಶುರುವಾಗಿದೆ ಅಂದರೆ ಒಳ್ಳೆಯದೇ ಆಯಿತು. ಮೊದಲ ಎರಡು ಚಿತ್ರಗಳಲ್ಲಿ ಜಗಳವೇ ಆಗಿಲ್ಲ ಅಂದರೆ ಬಹುಶಃ ಇಬ್ಬರೂ ಬೆಳಕಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಕ್ಯಾಮೆರಾ ಇಟ್ಟಿರಿ, ಕಂಡಿತು, ತೆಗೆದಿರಿ. ಈಗ ಮೊದಲ ಸಲ ಇಬ್ಬರಿಗೂ ಏನೋ ಬೇಕಾಗಿದೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಮೂವತ್ತು ವರ್ಷದಿಂದ ಕ್ಯಾಮೆರಾ ಹಿಂದೆ ನಿಂತವನು ನಾನು. ಹೆಚ್ಚಿನದು ಸಾಕ್ಷ್ಯಚಿತ್ರ, ನಡುನಡುವೆ ಹೊಟ್ಟೆಪಾಡಿಗೆ ಮದುವೆ, ಉಪನಯನ. ಹಾಗಾಗಿ ನನ್ನ ತಕ್ಕಡಿ ನಿಮ್ಮ ಗೆಳೆಯನ ಕಡೆ ಸ್ವಲ್ಪ ವಾಲಬಹುದು. ಅಷ್ಟನ್ನು ಕಳೆದು ಓದಿಕೊಳ್ಳಿ.

ಇಂಥ ಜೋಡಿಗಳ ಬಗ್ಗೆ ಬರೆಯುವವರು "ಇಬ್ಬರ ಮನಸ್ಸೂ ಒಂದೇ ಆಗಿತ್ತು" ಅಂತ ಬರೆದುಬಿಡುತ್ತಾರೆ. ಓದಲು ಚೆಂದ. ಆದರೆ ಹತ್ತಿರ ಹೋಗಿ ನೋಡಿದರೆ ಕಾಣುವುದು ಬೇರೆ. ಪ್ರತಿ ಒಳ್ಳೆಯ ಜೋಡಿಯ ಹಿಂದೆ ಒಂದು ತಾಪತ್ರಯ ಇದೆ. ಮಳೆ ಬರುತ್ತದೆ, ದುಡ್ಡಿಲ್ಲ, ಸೆಟ್ ಹಾಕಿದರೆ ಸುಳ್ಳು ಅಂತ ಗೊತ್ತಾಗುತ್ತದೆ, ಬಿಸಿಲು ಬೇಕಾದ ಕಡೆ ಬೀಳುವುದಿಲ್ಲ. ನಿರ್ದೇಶಕ ಆ ತಾಪತ್ರಯವನ್ನು ತಂದು ಎದುರಿಗೆ ಇಡುತ್ತಾನೆ. ಕ್ಯಾಮೆರಾಮನ್ ತಲೆ ಕೆರೆದುಕೊಂಡು ಒಂದು ಬಟ್ಟೆ ತುಂಡೋ ಕನ್ನಡಿಯೋ ಹುಡುಕಿಕೊಂಡು ಬರುತ್ತಾನೆ. ಆ ಬಟ್ಟೆ ತುಂಡಿನಿಂದ ಜೋಡಿ ಆಗುತ್ತದೆ.

ಬಟ್ಟೆ ತುಂಡು ಅಂದದ್ದು ಸುಮ್ನೆ ಅಲ್ಲ. ಬಂಗಾಳದ ನಿರ್ದೇಶಕ ಸತ್ಯಜಿತ್ ರೇ ಮತ್ತು ಅವರ ಛಾಯಾಗ್ರಾಹಕ ಸುಬ್ರತ ಮಿತ್ರ ಅವರ ಕಥೆ ಕೇಳಿ.

'ಪಥೇರ್ ಪಾಂಚಾಲಿ'ಯ ಕೆಲಸ 1952ರಲ್ಲಿ ಶುರುವಾದಾಗ ಮಿತ್ರ ಇಪ್ಪತ್ತು ದಾಟಿ ಒಂದೆರಡು ವರ್ಷವಾಗಿದ್ದ ಹುಡುಗ. ಸಿನಿಮಾ ಕ್ಯಾಮೆರಾ ನಡೆಸಿ ಗೊತ್ತೇ ಇರಲಿಲ್ಲ. ಅದಕ್ಕೆ ಮೊದಲು ಫ್ರಾನ್ಸಿನ ಜಾನ್ ರೆನ್ವಾರ್ ಕಲ್ಕತ್ತಾ ಕಡೆ 'ದಿ ರಿವರ್' ತೆಗೆಯುತ್ತಿದ್ದಾಗ ಈ ಹುಡುಗ ಅಲ್ಲಿಗೆ ಹೋಗಿ ಮೂಲೆಯಲ್ಲಿ ನಿಂತು ನೋಡುತ್ತಿದ್ದ. ಯಾವ ದೀಪ ಎಲ್ಲಿತ್ತು, ನಟ ಎಲ್ಲಿ ನಿಂತಿದ್ದ ಎಂದು ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದ. ರೇ ಕೂಡ ಆ ಶೂಟಿಂಗ್ ನೋಡಲು ಬರುತ್ತಿದ್ದರು. ಇಬ್ಬರಿಗೂ ಅನುಭವ ಸೊನ್ನೆ, ಆದರೆ ಇಬ್ಬರೂ ಒಂದೇ ಕಡೆ ನಿಂತು ನೋಡಿದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದಕ್ಕೇ ಬರುತ್ತೇನೆ.

ಮುಂದಿನ ಚಿತ್ರ 'ಅಪರಾಜಿತೊ', 1956. ಕಾಶಿಯ ಒಂದು ಹಳೇ ಮನೆ, ನಡುವೆ ಅಂಗಳ. ಆ ಅಂಗಳಕ್ಕೆ ಬಿಸಿಲು ನೇರ ಬೀಳುವುದಿಲ್ಲ, ಆಕಾಶದ ಬೆಳಕು ಮೇಲಿನಿಂದ ಮೆಲ್ಲಗೆ ಇಳಿಯುತ್ತದೆ, ನೆರಳು ಎಲ್ಲಿಂದ ಶುರು ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ. ನಮ್ಮ ಕಡೆಯ ಹಳೇ ಮನೆಗಳ ಒಳ ಅಂಗಳದಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲ ಬಂದರೆ ಕೆಲಸ ನಿಲ್ಲುತ್ತದೆ ಎಂಬ ಹೆದರಿಕೆಯಿಂದ ಅಂಗಳವನ್ನು ಸ್ಟುಡಿಯೋದೊಳಗೇ ಸೆಟ್ ಹಾಕುವುದು ಅಂತಾಯಿತು. ಕಲಾ ನಿರ್ದೇಶಕರು ಬನ್ಸಿ ಚಂದ್ರಗುಪ್ತ. ಮಿತ್ರ ಬೇಡವೇ ಬೇಡ ಅಂದರು. ಸ್ಟುಡಿಯೋ ದೀಪ ಹಾಕಿದರೆ ಒಬ್ಬ ಮನುಷ್ಯನಿಗೆ ನಾಲ್ಕು ನೆರಳು, ಅಂಗಳದ ಆ ಬೆಳಕು ಬರುವುದೇ ಇಲ್ಲ, ಇದು ಅವರ ವಾದ. ವಾದದಲ್ಲಿ ಸೋತರು. ಸೆಟ್ ಬಂತು.

ಸೋತ ಮೇಲೆ ಮಿತ್ರ ಮುಖ ಊದಿಸಿಕೊಂಡು ಕೂರಲಿಲ್ಲ. ಅಂಗಳದ ಮೇಲೆ, ಆಕಾಶ ಇರಬೇಕಾದ ಜಾಗದಲ್ಲಿ ಬಿಳಿ ಬಟ್ಟೆ ಬಿಗಿದು ಕಟ್ಟಿಸಿದರು. ದೀಪಗಳನ್ನು ನಟರ ಕಡೆ ತಿರುಗಿಸುವ ಬದಲು ಬಟ್ಟೆಯ ಕಡೆ ತಿರುಗಿಸಿದರು. ಬೆಳಕು ಬಟ್ಟೆಗೆ ಹೊಡೆದು, ಹರಡಿ, ಕೆಳಗೆ ಇಳಿಯಿತು. ಈಗ ನಾವೆಲ್ಲ ಥರ್ಮಾಕೋಲ್ ಹಿಡಿದುಕೊಂಡು 'ಬೌನ್ಸ್ ಹಾಕು' ಅಂತ ಕೂಗುತ್ತೇವಲ್ಲ, ನಮ್ಮ ದೇಶದಲ್ಲಿ ಅದನ್ನು ಒಂದು ಪದ್ಧತಿಯಾಗಿ ಮಾಡಿ ತೋರಿಸಿದ್ದು ಇದೇ ಅಂಗಳ. ಆ ಚಿತ್ರ ಇನ್ನೊಮ್ಮೆ ನೋಡಿ. ಕಥೆಯ ತಾಯಿ ಸರ್ಬೊಜಯ ಅಂಗಳದಲ್ಲಿ ಓಡಾಡುವಾಗ ಅದು ಸೆಟ್ ಅಂತ ಗೊತ್ತಿದ್ದೂ ನನಗೆ ಇವತ್ತಿಗೂ ನಂಬಿಕೆ ಬರುವುದಿಲ್ಲ.

ಇಬ್ಬರೂ ಸೇರಿ ಹತ್ತು ಚಿತ್ರ ಮಾಡಿದರು. ಅದರಲ್ಲಿ 1962ರ 'ಕಾಂಚನಜಂಘಾ' ನಿಮಗೆ ಪಾಠದ ಹಾಗಿದೆ. ಡಾರ್ಜಿಲಿಂಗ್‌ನಲ್ಲಿ ಒಂದು ಮಧ್ಯಾಹ್ನದ ಕಥೆ. ಮೊದಲು ಬಿಸಿಲು, ಆಮೇಲೆ ಮೋಡ, ಆಮೇಲೆ ಮಂಜು, ಕೊನೆಗೆ ಮತ್ತೆ ತೆರೆದ ಆಕಾಶ. ಪಾತ್ರಗಳ ಮನಸ್ಸೂ ಅದರ ಜೊತೆಗೇ ತಿರುಗುತ್ತದೆ. ಹವಾಮಾನ ಕಥೆಯೊಳಗೇ ಇರುವುದರಿಂದ ಮಂಜು ಬಂದರೆ ಶೂಟಿಂಗ್ ನಿಲ್ಲುವುದಿಲ್ಲ, ಮಂಜಿನ ದೃಶ್ಯ ಶುರುವಾಗುತ್ತದೆ, ಅಷ್ಟೇ. ದೇವಿಮನೆ ಘಾಟಿಯಲ್ಲಿ ಜುಲೈ ತಿಂಗಳು ಕ್ಯಾಮೆರಾ ಹಿಡಿದು ನಿಂತವರಿಗೆ ಈ ಬುದ್ಧಿವಂತಿಕೆಯ ಬೆಲೆ ಗೊತ್ತು. ಹತ್ತು ನಿಮಿಷದ ಹಿಂದೆ ಇದ್ದ ಗುಡ್ಡ ಈಗ ಇರುವುದಿಲ್ಲ.

ಆದರೆ ಈ ಜೋಡಿಯೂ ಕೊನೆವರೆಗೆ ಇರಲಿಲ್ಲ. 'ಚಾರುಲತಾ' ಹೊತ್ತಿಗೆ, ಅಂದರೆ 1964ರಲ್ಲಿ, ರೇ ತಾವೇ ಕ್ಯಾಮೆರಾ ನಡೆಸಲು ಶುರು ಮಾಡಿದ್ದರು. 1966ರ 'ನಾಯಕ್' ಆದ ಮೇಲೆ ಇಬ್ಬರೂ ಒಟ್ಟಿಗೆ ಚಿತ್ರ ಮಾಡಲಿಲ್ಲ. ಮಿತ್ರರ ಸಹಾಯಕರಾಗಿದ್ದ ಸೌಮೇಂದು ರಾಯ್ ಆ ಜಾಗಕ್ಕೆ ಬಂದರು, ಅವರೂ ಬಹಳ ವರ್ಷ ಇದ್ದರು. ನನಗೆ ಅನಿಸುವುದು ಇಷ್ಟೇ, ಹತ್ತು ಚಿತ್ರ ಒಟ್ಟಿಗೆ ಮಾಡಿದರೆ ಅದೇ ಒಂದು ಆಯುಷ್ಯ. ಮುರಿದುಬಿತ್ತು ಅಂತ ಅಳುವುದಕ್ಕೇನಿಲ್ಲ.

ಈಗ ನನ್ನದೇ ಒಂದು ಅವಮಾನದ ಕಥೆ. ನಿಮ್ಮ ಮನೆಗೂ ಇದಕ್ಕೂ ಸಂಬಂಧ ಇದೆ.

ಬಹಳ ವರ್ಷದ ಹಿಂದೆ ಶಿರಸಿ ಹತ್ತಿರದ ಒಂದು ಹಳೇ ಮನೆಯಲ್ಲಿ ಅಡಿಕೆ ಸುಗ್ಗಿಯ ಮೇಲೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದೆವು. ಒಳಗಿನ ಜಗುಲಿಯಲ್ಲಿ ಒಬ್ಬ ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಮೇಲೆ ಹಂಚಿನ ಮಾಡು, ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು. ಅದರಿಂದ ಬಿಸಿಲಿನ ಕೋಲು ಇಳಿದು ಸಗಣಿ ಸಾರಿಸಿದ ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ನಿರ್ದೇಶಕ ನನಗಿಂತ ಸಣ್ಣವ. "ಆ ಬಿಸಿಲು ಅಜ್ಜಿಯ ಕೈಮೇಲೆ ಬಂದಾಗ ತೆಗೆಯೋಣ" ಅಂದ. ನನಗೆ ಪುರಸೊತ್ತಿಲ್ಲ. ಮಧ್ಯಾಹ್ನಕ್ಕೆ ಇನ್ನೊಂದು ಕಡೆ ಹೋಗಬೇಕು. "ಬಿಸಿಲಿಗೆ ಯಾರು ಕಾಯ್ತಾರೆ ಮಾರಾಯ, ಹ್ಯಾಲೋಜನ್ ಇದೆಯಲ್ಲ" ಅಂದೆ. ಸಾವಿರ ವ್ಯಾಟ್‌ನದ್ದು ಎರಡು ಹಚ್ಚಿದೆ. ಮನೆಯ ಫ್ಯೂಸ್ ಹಾರಿತು. ವೈರ್ ಸುಟ್ಟ ವಾಸನೆ ಬಂತು. ಒಳಗಿನಿಂದ ಮಿಕ್ಸರ್ ನಿಂತದ್ದಕ್ಕೆ ಯಾರೋ ಬೈದದ್ದೂ ಕೇಳಿತು. ಫ್ಯೂಸ್ ಕಟ್ಟುವ ಗಡಿಬಿಡಿಯಲ್ಲಿ ನಾವಿದ್ದಾಗ ಬಿಸಿಲಿನ ಚೌಕ ಮೆಲ್ಲಗೆ ಜರುಗಿ ಅಜ್ಜಿಯ ಕೈಮೇಲೆ ಬಂತು, ಹಳದಿ ಅಡಿಕೆ ಹೊಳೆಯಿತು, ಹತ್ತು ಹನ್ನೆರಡು ನಿಮಿಷ ಇತ್ತು, ಆಮೇಲೆ ಗೋಡೆ ಹತ್ತಿ ಹೋಯಿತು. ನಿರ್ದೇಶಕ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಜಾಸ್ತಿ ಚುಚ್ಚಿತು.

ಮರುದಿನ ಕ್ಯಾಮೆರಾ ಚೀಲದಲ್ಲೇ ಬಿಟ್ಟು ಇಬ್ಬರೂ ಬೆಳಿಗ್ಗೆಯಿಂದ ಆ ಜಗುಲಿಯಲ್ಲಿ ಕೂತೆವು. ಎಷ್ಟು ಗಂಟೆಗೆ ಬಿಸಿಲು ಎಲ್ಲಿ ಅಂತ ನೆಲದ ಮೇಲೆ ಸುಣ್ಣದ ಗುರುತು ಹಾಕಿದೆವು. ಮೂರನೇ ದಿನ ಅಜ್ಜಿಯನ್ನೇ ಎರಡು ಅಡಿ ಈಚೆ ಕೂರಿಸಿ ತೆಗೆದೆವು. ಮುಖದ ಈ ಬದಿ ತೀರಾ ಕಪ್ಪಾಗುತ್ತಿತ್ತು, ಮನೆಯವರು ತೊಳೆದಿಟ್ಟ ಬಿಳಿ ಪಂಚೆಯೊಂದನ್ನು ಕೊಟ್ಟರು, ಅದನ್ನು ಕಂಬದಿಂದ ಕಂಬಕ್ಕೆ ಕಟ್ಟಿದೆವು. ಅಷ್ಟೇ ಲೈಟಿಂಗ್. ಆ ನಿರ್ದೇಶಕನ ಜೊತೆ ನಾನು ಆಮೇಲೆ ಐದು ಚಿತ್ರ ಮಾಡಿದ್ದೇನೆ.

ಬಿಸಿಲಿನ ಕೋಲು ಅಂದಾಗ ಹಿಂದಿ ಚಿತ್ರಗಳ ನಿರ್ದೇಶಕ ಗುರುದತ್ ಮತ್ತು ಅವರ ಛಾಯಾಗ್ರಾಹಕ ವಿ.ಕೆ. ಮೂರ್ತಿ ನೆನಪಾಗದೆ ಇರುವುದಿಲ್ಲ. ಮೂರ್ತಿ ಮೈಸೂರಿನವರು, 1923ರಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಿದ್ದರು. ಗುರುದತ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1925ರಲ್ಲಿ. ಮನೆಮಾತು ಕೊಂಕಣಿ, ಚಿತ್ರಾಪುರ ಸಾರಸ್ವತರು. ಅವರ ಮಠ ಎಲ್ಲಿದೆ? ನಮ್ಮ ಭಟ್ಕಳ ತಾಲೂಕಿನ ಶಿರಾಲಿಯಲ್ಲಿ. ಹೆದ್ದಾರಿಯಲ್ಲಿ ಹೋಗುವಾಗ ಆ ಬೋರ್ಡ್ ಕಂಡಾಗಲೆಲ್ಲ ನನಗೆ ಗುರುದತ್ ನೆನಪಾಗುತ್ತಾರೆ. ಇದು ನನ್ನ ಹುಚ್ಚು, ಬಿಡಿ.

1951ರಲ್ಲಿ ಗುರುದತ್ 'ಬಾಜಿ' ಮಾಡುವಾಗ ಮೂರ್ತಿ ಆ ಚಿತ್ರದ ಛಾಯಾಗ್ರಾಹಕರಿಗೆ ಸಹಾಯಕ. ಒಂದು ಹಾಡಿನಲ್ಲಿ ಕನ್ನಡಿಯಿಂದ ಶುರುವಾಗಿ ಕ್ಯಾಮೆರಾ ಚಲಿಸುತ್ತಾ ಹೋಗುವ ಕಷ್ಟದ ಶಾಟ್ ಒಂದನ್ನು ಈ ಸಹಾಯಕ ಸೂಚಿಸಿದರು, ತಾವೇ ತೆಗೆದೂ ತೋರಿಸಿದರು. ಮರುವರ್ಷದ 'ಜಾಲ್'ಗೆ ಅವರೇ ಛಾಯಾಗ್ರಾಹಕ. ಗೋವಾ ಮೀನುಗಾರರ ಕಥೆ ಅದು, ಅಂದರೆ ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಊರುಗಳ ಕಥೆ. ಅಲ್ಲಿಂದ 'ಪ್ಯಾಸಾ', 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್'.

'ಕಾಗಜ್ ಕೆ ಫೂಲ್' 1959ರದ್ದು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅಂದರೆ ಅಗಲ ಪರದೆಯದ್ದು. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಇಬ್ಬರು ಪ್ರೇಮಿಗಳು ದೂರ ದೂರ ನಿಂತಿರುತ್ತಾರೆ. ಮೇಲಿನಿಂದ ದಪ್ಪನೆಯ ಬೆಳಕಿನ ಕೋಲೊಂದು ಓರೆಯಾಗಿ ಇಳಿದಿರುತ್ತದೆ. ಗುರುದತ್ ಹೊಸದೇನಾದರೂ ಬೇಕು ಅಂದರು, ಏನು ಅಂತ ಅವರಿಗೂ ಸ್ಪಷ್ಟ ಇರಲಿಲ್ಲ. ಸ್ಟುಡಿಯೋ ದೀಪದಿಂದ ಅಂಥ ಕೋಲು ಬರುವುದಿಲ್ಲ, ದೀಪದ ಬೆಳಕು ಬೀಸಣಿಗೆಯ ಹಾಗೆ ಹರಡುತ್ತದೆ. ಬಿಸಿಲು ಮಾತ್ರ ಅಷ್ಟು ದೂರದಿಂದ ಬರುವುದರಿಂದ ಹರಡದೆ ನೆಟ್ಟಗೆ ಬರುತ್ತದೆ. ಮೂರ್ತಿ ಹೊರಗೆ ಒಂದು ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನು ಹಿಡಿದರು. ಅದನ್ನು ಒಳಗೆ ಮೇಲೆ ಇಟ್ಟ ಇನ್ನೊಂದು ಕನ್ನಡಿಗೆ ಹೊಡೆಸಿದರು. ಅಲ್ಲಿಂದ ಕೆಳಗೆ ಇಳಿಸಿದರು. ಗಾಳಿಯಲ್ಲಿ ಹೊಗೆ ಇದ್ದುದರಿಂದ ಕೋಲು ಕಂಡಿತು. ನಿಮ್ಮ ಗಾಜಿನ ಹಂಚಿನ ಕೋಲು ಕೂಡ ಒಲೆಯ ಹೊಗೆ ಬಂದಾಗ ಮಾತ್ರ ಕಾಣುತ್ತದೆ, ಗಮನಿಸಿದ್ದೀರಾ? ಬೆಳಕು ತಾನಾಗಿ ಕಾಣುವುದಿಲ್ಲ, ಅದಕ್ಕೆ ಧೂಳೋ ಹೊಗೆಯೋ ಬೇಕು.

ಚಿತ್ರ ಓಡಲಿಲ್ಲ. ಆಮೇಲೆ ಗುರುದತ್ ತಮ್ಮ ಹೆಸರಿನಲ್ಲಿ ನಿರ್ದೇಶನ ಮಾಡಲೇ ಇಲ್ಲ. 1964ರಲ್ಲಿ ತೀರಿಕೊಂಡರು. ಮೂರ್ತಿಯವರಿಗೆ ಆ ಚಿತ್ರಕ್ಕೆ ಫಿಲಂಫೇರ್ ಬಂತು. ಕೊನೆಗೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಕನ್ನಡದಲ್ಲಿ ಅವರು ತೆಗೆದದ್ದು 1993ರ 'ಹೂವು ಹಣ್ಣು'.

ಈ ದಾರ ಅಲ್ಲಿಗೇ ಕಡಿಯುವುದಿಲ್ಲ. ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದ ಗೋವಿಂದ ನಿಹಲಾನಿ ಮೂರ್ತಿಯವರಿಗೆ ಸಹಾಯಕರಾಗಿ ಕೆಲಸ ಕಲಿತರು. ನಮ್ಮ ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರು 1973ರಲ್ಲಿ 'ಕಾಡು' ಮಾಡಿದಾಗ ಕ್ಯಾಮೆರಾ ನಿಹಲಾನಿಯವರದ್ದು. ಮರುವರ್ಷ 'ಅಂಕುರ್'ನಿಂದ ಶ್ಯಾಮ್ ಬೆನೆಗಲ್ ಜೊತೆ ಶುರುವಾದದ್ದು 'ನಿಶಾಂತ್', 'ಮಂಥನ್', 'ಭೂಮಿಕಾ', 'ಜುನೂನ್' ಅಂತ ನಡೆಯಿತು. ಈ ಬೆನೆಗಲ್ ಮತ್ತು ಗುರುದತ್ ಸಂಬಂಧಿಕರು ಬೇರೆ. ಕೊನೆಗೆ ನಿಹಲಾನಿ ತಾವೇ ನಿರ್ದೇಶಕರಾದರು. ನಿಮ್ಮ ಗೆಳೆಯನಿಗೂ ಒಂದು ದಿನ ಆ ಆಸೆ ಬರಬಹುದು. ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಕನ್ನಡದ ಜೋಡಿ ಅಂದರೆ ನನಗೆ ಮೊದಲು ಬರುವ ಹೆಸರು ಗಿರೀಶ ಕಾಸರವಳ್ಳಿ. ಅವರ ಜೊತೆ ಇಬ್ಬರು ರಾಮಚಂದ್ರರು, ಗೊಂದಲ ಮಾಡಿಕೊಳ್ಳಬೇಡಿ. 1977ರ 'ಘಟಶ್ರಾದ್ಧ' ಎಸ್. ರಾಮಚಂದ್ರ ಅವರದ್ದು, 2008ರ 'ಗುಲಾಬಿ ಟಾಕೀಸ್' ಕೂಡ ಅವರದ್ದೇ. ನಡುವಿನ 'ದ್ವೀಪ' ಎಚ್.ಎಂ. ರಾಮಚಂದ್ರ ಹಾಲ್ಕೆರೆಯವರದ್ದು, ಅದಕ್ಕೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು. 'ಘಟಶ್ರಾದ್ಧ' ಕಪ್ಪು ಬಿಳುಪು, ಮಲೆನಾಡಿನ ಅಗ್ರಹಾರ. 'ದ್ವೀಪ'ದಲ್ಲಿ ನೀರು ಏರುತ್ತಾ ಬರುತ್ತದೆ, ಮಳೆ ಬಿಡುವುದಿಲ್ಲ, ಮನೆಯ ಒಳಗೂ ಹೊರಗೂ ಒಂದೇ ಬೂದು ಬೆಳಕು. ನಿಮ್ಮ ಗೆಳೆಯನ ಜೊತೆ ಕೂತು ಈ ಎರಡನ್ನೂ ಧ್ವನಿ ಆರಿಸಿ ನೋಡಿ. ಆಗ ಬೆಳಕು ಎಲ್ಲಿಂದ ಬಂತು ಅನ್ನುವುದು ಮಾತ್ರ ಕಣ್ಣಿಗೆ ಬೀಳುತ್ತದೆ. ಅದೇ ಎಸ್. ರಾಮಚಂದ್ರರು ನಮ್ಮ ಹೊನ್ನಾವರದ ಶಂಕರ್ ನಾಗ್ ಜೊತೆ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರು. 'ಘಟಶ್ರಾದ್ಧ'ದಲ್ಲೂ ಇದರಲ್ಲೂ ಮಲೆನಾಡೇ, ಆದರೆ ಒಂದರ ಬೆಳಕು ಇನ್ನೊಂದಕ್ಕಿಲ್ಲ. ಕ್ಯಾಮೆರಾಮನ್ ಒಬ್ಬನೇ ಆದರೂ ನಿರ್ದೇಶಕ ಬದಲಾದರೆ ಬೆಳಕು ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನ್ನಲ್ಲಿಲ್ಲ.

ಮಣಿರತ್ನಂ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅವರ ಮೊದಲ ಚಿತ್ರ ಕನ್ನಡದ 'ಪಲ್ಲವಿ ಅನುಪಲ್ಲವಿ', 1983, ಕ್ಯಾಮೆರಾ ಬಾಲು ಮಹೇಂದ್ರ. ಆಮೇಲೆ 'ಮೌನ ರಾಗಂ', 'ನಾಯಕನ್' ಪಿ.ಸಿ. ಶ್ರೀರಾಮ್. 'ದಳಪತಿ', 'ರೋಜಾ', 'ಇರುವರ್' ಸಂತೋಷ್ ಶಿವನ್. ಚೆಂದವೇ. ಆದರೆ ನಿಮ್ಮ ಅಜ್ಜಿಯ ಮನೆಗೆ ಅಲ್ಲಿಂದ ತರುವುದು ಹೆಚ್ಚೇನಿಲ್ಲ. ಅಷ್ಟು ದೀಪ ಹಚ್ಚಿದರೆ ಮತ್ತೆ ಫ್ಯೂಸ್ ಹಾರುತ್ತದೆ.

ನಿಮಗೆ ಬೇಕಾಗಿರುವುದು ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಮತ್ತು ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್. 'ವಿಂಟರ್ ಲೈಟ್' ಅಂತ 1963ರ ಚಿತ್ರ. ಚಳಿಗಾಲದ ಒಂದು ಭಾನುವಾರ, ಹಳ್ಳಿಯ ಚರ್ಚು, ನಂಬಿಕೆ ಕಳೆದುಕೊಂಡ ಪಾದ್ರಿ. ಕೆಲವೇ ಗಂಟೆಗಳ ಕಥೆ. ಚಿತ್ರ ಶುರುವಾಗುವ ಮೊದಲು ಇಬ್ಬರೂ ಒಂದು ಚರ್ಚಿಗೆ ಹೋಗಿ ಕೂತರು. ಬೆಳಕು ಹೇಗೆ ಬದಲಾಗುತ್ತದೆ ಅಂತ ಗಂಟೆಗಟ್ಟಲೆ ನೋಡಿದರು, ಐದೈದು ನಿಮಿಷಕ್ಕೆ ಫೋಟೋ ತೆಗೆದುಕೊಂಡರು. ಮೋಡ ಮುಚ್ಚಿದ ದಿನ, ನೆರಳೇ ಇಲ್ಲದ ಬೆಳಕು. ಆಮೇಲೆ ಸೆಟ್‌ನಲ್ಲಿ ಅದನ್ನೇ ತಂದರು. ನಿಕ್ವಿಸ್ಟ್‌ಗೆ ಮುಂದೆ ಎರಡು ಆಸ್ಕರ್ ಬಂದವು, ಎರಡೂ ಬರ್ಗ್‌ಮನ್ ಚಿತ್ರಗಳಿಗೇ. ಆದರೆ ನನಗೆ ಆ ಎರಡಕ್ಕಿಂತ ಈ ಬೂದು ಚಿತ್ರವೇ ಹೆಚ್ಚು.

ಈಗ ನಮ್ಮ ಜೂನ್, ಜುಲೈ ನೆನಪು ಮಾಡಿಕೊಳ್ಳಿ. ಘಟ್ಟದ ಮೇಲೆ ನೆರಳು ಕಾಣಿಸಿ ಎಷ್ಟು ದಿನವಾಯಿತು ಅಂತ ಲೆಕ್ಕ ಹಾಕುತ್ತೇವಲ್ಲ? ಅದೇ ಬೆಳಕು. ಬಾಗಿಲಿನಿಂದ ಒಳಗೆ ಬರುವಾಗ ಹೊಸ್ತಿಲಲ್ಲಿ ಇರುತ್ತದೆ, ಜಗುಲಿಯ ಅರ್ಧಕ್ಕೆ ಸೋಲುತ್ತದೆ, ನಡುಮನೆಗೆ ಬರುವಷ್ಟರಲ್ಲಿ ಸತ್ತೇ ಹೋಗುತ್ತದೆ. ನಿಮ್ಮ ಅಜ್ಜಿ ಕಥೆಯ ಯಾವ ಹೊತ್ತಿನಲ್ಲಿ ಹೊಸ್ತಿಲ ಹತ್ತಿರ ಇರುತ್ತಾರೆ, ಯಾವಾಗ ನಡುಮನೆಗೆ ಹೋಗುತ್ತಾರೆ? ಇದು ನಿರ್ದೇಶಕನ ಕೆಲಸ. ಇದನ್ನು ನೀವು ಹೇಳಿದರೆ ಅವನು ಬೆಳಕಿನದ್ದು ನೋಡಿಕೊಳ್ಳುತ್ತಾನೆ. "ಕತ್ತಲು ಬೇಕು" ಅಂತಷ್ಟೇ ಹೇಳಿದರೆ ಅವನಿಗೆ ಏನೂ ಹೇಳಿದ ಹಾಗಾಗುವುದಿಲ್ಲ.

ಯಕ್ಷಗಾನ ನೋಡಿದವರು ನೀವು. ಬೆರಳು ಎಲ್ಲಿಡಬೇಕು ಅಂತ ಭಾಗವತರು ಮದ್ದಳೆಯವರಿಗೆ ಹೇಳಿದ್ದನ್ನು ನೋಡಿದ್ದೀರಾ? ಅವರು ಪದ್ಯ ಎತ್ತುತ್ತಾರೆ, ಇವರಿಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಬೆಳಗಾಗುವವರೆಗೂ ಆಟ ಎಳೆಯುವುದು ಕಷ್ಟ.

ಇನ್ನು ಕತ್ತಲು ಮತ್ತು ನಾಯ್ಸ್. ಇದರಲ್ಲಿ ನಿಮ್ಮ ಗೆಳೆಯ ಹೇಳಿದ್ದು ಮುಕ್ಕಾಲು ಸರಿ. ಬೆಳಕೇ ಇಲ್ಲದ ಕಡೆ ಕ್ಯಾಮೆರಾ ಇಟ್ಟು ಐಎಸ್ಒ, ಅಂದರೆ ಕಡಿಮೆ ಬೆಳಕನ್ನೂ ಹಿಡಿಯುವ ಅಳತೆ, ಏರಿಸಿದರೆ ಬರುವುದು ಕತ್ತಲಲ್ಲ, ಕೊಳೆ. ಕತ್ತಲು ಕತ್ತಲಾಗಿ ಕಾಣಬೇಕಾದರೆ ಚೌಕಟ್ಟಿನಲ್ಲಿ ಎಲ್ಲೋ ಒಂದು ಕಡೆ ನಿಜವಾದ ಬೆಳಕು ಇರಬೇಕು. ಕಿಟಕಿಯ ಸರಳು, ತಂಬಿಗೆಯ ಅಂಚು, ಅಜ್ಜಿಯ ಕೆನ್ನೆಯ ಒಂದು ಬದಿ. ಅಷ್ಟಕ್ಕೆ ಸರಿಯಾಗಿ ಎಕ್ಸ್‌ಪೋಷರ್ ಇಟ್ಟು ಉಳಿದದ್ದನ್ನು ಕಪ್ಪಿಗೆ ಬಿಡಬೇಕು. ಬಿಡುವುದಕ್ಕೆ ಧೈರ್ಯ ಬೇಕು, ಅಲ್ಲಿ ನೀವು ಅವನ ಬೆನ್ನಿಗೆ ನಿಲ್ಲಬೇಕು.

ಹಾಗೆ ಬಿಟ್ಟವರು ಅಮೆರಿಕದ ಛಾಯಾಗ್ರಾಹಕ ಗೋರ್ಡನ್ ವಿಲ್ಲಿಸ್. 1972ರ 'ಗಾಡ್‌ಫಾದರ್'. ದೀಪವನ್ನು ತಲೆಯ ಮೇಲಿಂದ ಇಳಿಸಿ ಮಾರ್ಲನ್ ಬ್ರಾಂಡೋನ ಕಣ್ಣನ್ನೇ ನೆರಳಿಗೆ ಹಾಕಿದರು. ದುಡ್ಡು ಕೊಟ್ಟು ಕರೆಸಿದ ನಟನ ಕಣ್ಣು ಕಾಣುವುದಿಲ್ಲ ಅಂದರೆ ಯಾವ ನಿರ್ಮಾಪಕ ಸುಮ್ಮನಿರುತ್ತಾನೆ ಹೇಳಿ? ನಿರ್ದೇಶಕ ಕೊಪ್ಪೊಲಾಗೂ ವಿಲ್ಲಿಸ್‌ಗೂ ಸೆಟ್‌ನಲ್ಲೇ ಜೋರು ಜಗಳಗಳಾದವು. ಕೊಪ್ಪೊಲಾಗೆ ನಟರು ಬೇಕಾದಂತೆ ಓಡಾಡಬೇಕು, ವಿಲ್ಲಿಸ್‌ಗೆ ಗುರುತು ಹಾಕಿದಲ್ಲೇ ನಿಲ್ಲಬೇಕು. ಆದರೂ ಮೂರೂ 'ಗಾಡ್‌ಫಾದರ್' ಇಬ್ಬರೂ ಸೇರಿಯೇ ಮಾಡಿದರು. ನಿಮ್ಮದು ಬರೀ ಮಾತು ಬಿಟ್ಟ ಜಗಳ, ಏನು ಮಹಾ.

ಮಳೆಯ ಬಗ್ಗೆ ನೀವು ಕೇಳಲಿಲ್ಲ, ಆದರೆ ಕೇಳಬೇಕಿತ್ತು. ನಮ್ಮ ಮಳೆ ಕಣ್ಣಿಗೆ ಕಾಣುವಷ್ಟು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಬಿಳಿ ಆಕಾಶ ಹಿಂದಿದ್ದರೆ ಕುಂಭದ್ರೋಣ ಮಳೆಯೂ ಮಾಯ. ಜಪಾನಿನ ನಿರ್ದೇಶಕ ಅಕಿರ ಕುರೊಸಾವ 1950ರಲ್ಲಿ 'ರಾಶೊಮನ್' ತೆಗೆಯುವಾಗ ಹೆಬ್ಬಾಗಿಲಿನ ಮಳೆಗೆ ಇದೇ ತಾಪತ್ರಯ ಬಂತು. ನೀರಿಗೆ ಕಪ್ಪು ಶಾಯಿ ಬೆರೆಸಿ ಸುರಿಸಿದರು. ಅದೇ ಚಿತ್ರದ ಕಾಡಿನೊಳಗೆ ಬೆಳಕು ಸಾಲದಾದಾಗ ಛಾಯಾಗ್ರಾಹಕ ಕಜುವೊ ಮಿಯಗಾವ ಕನ್ನಡಿಯಿಂದ ಬಿಸಿಲನ್ನು ಒಳಗೆ ತಿರುಗಿಸಿದರು. ಮೂರ್ತಿಯವರ ಕನ್ನಡಿಗಿಂತ ಒಂಬತ್ತು ವರ್ಷ ಮೊದಲು! ನಿಮಗೆ ಶಾಯಿ ಬೇಡ. ಹಿಂದೆ ಅಡಿಕೆ ತೋಟದ ಕಪ್ಪು ಹಸಿರು ಬರುವ ಹಾಗೆ ಕ್ಯಾಮೆರಾ ಇಡಿ. ಬೆಳಕು ಮಳೆಯ ಹಿಂದಿನಿಂದ ಅಥವಾ ಬದಿಯಿಂದ ಬರಲಿ. ಮಾಡಿನಿಂದ ಇಳಿಯುವ ಹನಿಸಾಲು ತೆರೆದ ಬಾಗಿಲಿನ ಕತ್ತಲೆಗೆ ಎದುರಾಗಿ ಬಿದ್ದರೆ ದಾರ ಕಟ್ಟಿದ ಹಾಗೆ ಕಾಣುತ್ತದೆ.

ಟೈಟಲ್ ತಕರಾರಿಗೆ ಹಳೇ ಪರಿಹಾರ ಒಂದಿದೆ. 1941ರ 'ಸಿಟಿಜನ್ ಕೇನ್'. ನಿರ್ದೇಶಕ ಆರ್ಸನ್ ವೆಲ್ಸ್‌ಗೆ ಇಪ್ಪತ್ತೈದು ವರ್ಷ, ಅದು ಅವರ ಮೊದಲ ದೊಡ್ಡ ಚಿತ್ರ. ಗ್ರೆಗ್ ಟೋಲಂಡ್ ಆಗಲೇ ಹೆಸರಾಂತ ಛಾಯಾಗ್ರಾಹಕ, ತಾವಾಗಿಯೇ ಬಂದು ಜೊತೆಗೆ ಕೆಲಸ ಮಾಡುತ್ತೇನೆ ಅಂದವರು. ಚಿತ್ರ ಮುಗಿದಾಗ ವೆಲ್ಸ್ ತಮ್ಮ ಹೆಸರು ಇರುವ ಕಾರ್ಡ್‌ನಲ್ಲೇ ಟೋಲಂಡ್ ಹೆಸರನ್ನೂ ಹಾಕಿಸಿದರು. ನಿಮ್ಮ ಚಿತ್ರದಲ್ಲೂ ಒಂದೇ ಕಾರ್ಡ್ ಹಾಕಿ, ಎರಡು ಹೆಸರು, ಒಂದೇ ಅಳತೆ. ಖರ್ಚೇನಿಲ್ಲ.

ಇನ್ನು ಮಾಡಬೇಕಾದ್ದು. ರೇ, ಮಿತ್ರ ಇಬ್ಬರೂ ಒಂದೇ ಕಡೆ ನಿಂತು ನೋಡಿದವರು ಅಂದೆನಲ್ಲ, ನೀವೂ ಹಾಗೇ ನೋಡಬೇಕು. ಗೆಳೆಯನಿಗೆ ಫೋನ್ ಮಾಡಿ. ಕ್ಯಾಮೆರಾ ತರಬೇಡ ಅಂತ ಹೇಳಿ. ಒಂದು ದಿನ ಇಬ್ಬರೂ ಬೆಳಿಗ್ಗೆ ಆರಕ್ಕೆ ಆ ಮನೆಯಲ್ಲಿ ಇರಿ, ಕತ್ತಲಾಗುವವರೆಗೆ ಕೂತುಕೊಳ್ಳಿ. ಮೊಬೈಲ್‌ನಲ್ಲಿ ಅರ್ಧ ಗಂಟೆಗೊಂದು ಫೋಟೋ, ಅದೇ ಜಾಗದಿಂದ, ಅದೇ ಚೌಕಟ್ಟು. ಸಂಜೆ ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು ನೀವು ಮೂರು ಆರಿಸಿ, ಅವನು ಮೂರು ಆರಿಸಲಿ, ಒಬ್ಬರದ್ದು ಇನ್ನೊಬ್ಬರು ನೋಡದೆ. ಎರಡಾದರೂ ಒಂದೇ ಆಗಿರುತ್ತವೆ ಅಂತ ನನ್ನ ಊಹೆ. ಬೇರೆ ಬೇರೆ ಆರಿಸಿದರೆ ಯಾಕೆ ಅಂತ ಅಲ್ಲೇ ಮಾತಾಡಿ, ಮನೆಯವರು ಚಾ ಕೊಡುತ್ತಾರೆ.

ಲೈಟ್ ಒಂದೇ ಒಂದು ಎಲ್ಇಡಿ ಸಾಕು, ಅದೂ ಗೋಡೆಗೋ ಬಟ್ಟೆಗೋ ಹೊಡೆಸಿ, ನೇರ ಬೇಡ. ಬಿಳಿ ಪಂಚೆ ಎರಡು ಇರಲಿ. ಕಪ್ಪು ಕಂಬಳಿ ಒಂದು ತನ್ನಿ, ಬೇಡದ ಬೆಳಕು ತಡೆಯಲು. ಹೊರಗೆ ತೆಗೆಯುವ ದಿನ ಮಾತ್ರ ಒಬ್ಬ ಹುಡುಗನನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಅವನಿಗೆ ಬೇರೆ ಕೆಲಸ ಹೇಳಬೇಡಿ. ನೀವು ನೆನೆದರೂ ಅಡ್ಡಿಯಿಲ್ಲ, ಅವನು ಹಿಡಿದ ಕೊಡೆ ಕ್ಯಾಮೆರಾ ಬಿಟ್ಟು ಕದಲಬಾರದು.